ಹೃದಯದ ಆಪರೇಷನ್ ಆಯಿತು, ಇನ್ನು ಮಗುವನ್ನು ನೆಲಕ್ಕೆ ಬಿಡಿ

ನನ್ನ ಮಗಳಿಗೆ ಒಂಬತ್ತನೆಯ ತಿಂಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಮನೆಗೆ ಕಳುಹಿಸುವ ದಿನ ಆಸ್ಪತ್ರೆಯವರು ಕೈಗಿತ್ತ ಫೈಲಿನಲ್ಲಿ ಯಾವ ಔಷಧ ಎಷ್ಟು ಎಂ.ಎಲ್., ಗಾಯಕ್ಕೆ ಎಂದಿನಿಂದ ನೀರು ಸೋಕಿಸಬಹುದು, ಮುಂದಿನ ಎಕೋ (ಹೃದಯದ ಸ್ಕ್ಯಾನ್) ಯಾವ ದಿನ, ಎಲ್ಲವೂ ಇತ್ತು. ಅವಳು ಯಾವಾಗ ಕೂರಬೇಕು, ಯಾವಾಗ ಅಂಬೆಗಾಲಿಡಬೇಕು, ಮಾತು ತಡವಾದರೆ ಯಾರನ್ನು ಕೇಳಬೇಕು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾವೂ ಕೇಳಲಿಲ್ಲ. ಉಸಿರಾಡುತ್ತಿರುವ, ತುಟಿ ಕೆಂಪಾಗಿರುವ ಮಗು ಮಡಿಲಲ್ಲಿದ್ದಾಗ ಬೇರೇನು ಕೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಹದಿಮೂರು ತಿಂಗಳು ತುಂಬಿದರೂ ಅವಳು ಆಸರೆಯಿಲ್ಲದೆ ಕೂರುತ್ತಿರಲಿಲ್ಲ. "ದೊಡ್ಡ ಆಪರೇಷನ್ ಆದ ಮಗು, ನಿಧಾನವಾಗಿ ಎಲ್ಲ ಬರುತ್ತದೆ" ಎಂದು ಮನೆಯವರೆಲ್ಲ ಸಮಾಧಾನ ಹೇಳುತ್ತಿದ್ದರು. ಕೊನೆಗೊಂದು ದಿನ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಹೋದೆವು. ಅವರು ಮಗಳನ್ನು ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿದರು: "ದಿನಕ್ಕೆ ಎಷ್ಟು ಹೊತ್ತು ಮಗು ನೆಲದ ಮೇಲಿರುತ್ತದೆ?" ನಾನು, ನನ್ನ ಗಂಡ, ಅತ್ತೆ ಮೂವರೂ ಮುಖ ಮುಖ ನೋಡಿಕೊಂಡೆವು. ಲೆಕ್ಕ ಹಾಕಿದರೆ ಹತ್ತು ನಿಮಿಷವೂ ಆಗಲಿಲ್ಲ. ನನ್ನ ತೋಳಿನಿಂದ ಅತ್ತೆಯ ತೋಳಿಗೆ, ಅಲ್ಲಿಂದ ತೊಟ್ಟಿಲಿಗೆ, ಮತ್ತೆ ನನ್ನ ತೋಳಿಗೆ. ನಾಲ್ಕು ತಿಂಗಳು ಅವಳ ಜಗತ್ತು ಅಷ್ಟೇ ಆಗಿತ್ತು.

ಅಂದು ನನಗೆ ತಿಳಿಯದಿದ್ದುದನ್ನು, ಆಮೇಲೆ ವೈದ್ಯರಿಂದ, ಥೆರಪಿಸ್ಟರಿಂದ, ಇಂಥದೇ ಮಕ್ಕಳ ತಾಯಂದಿರಿಂದ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಔಷಧದ ಪ್ರಮಾಣ, ಓಡಾಟದ ಮಿತಿ ಇವನ್ನು ನಿಮ್ಮ ಹೃದಯ ತಜ್ಞರೇ ಹೇಳಬೇಕು. ಉಳಿದದ್ದರಲ್ಲಿ ಬಹುಪಾಲು ನಮ್ಮ ಮನೆಯ ಚಾಪೆಯ ಮೇಲೆ ಆಗುವ ಕೆಲಸ.

ಹೃದಯಕ್ಕೂ ಮಿದುಳಿಗೂ ಏನು ಸಂಬಂಧ?

ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಮಗು ಹೃದಯದ ಯಾವುದೋ ದೋಷದೊಂದಿಗೆ ಹುಟ್ಟುತ್ತದೆ. ಇವುಗಳಲ್ಲಿ ಹಲವು ಸಣ್ಣವು. ಕೆಳಕೋಣೆಗಳ ನಡುವಿನ ಗೋಡೆಯ ಪುಟ್ಟ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಅಂಥ ಮಕ್ಕಳ ಬೆಳವಣಿಗೆ ಸಾಮಾನ್ಯವಾಗಿ ಉಳಿದ ಮಕ್ಕಳಂತೆಯೇ ನಡೆಯುತ್ತದೆ. ಕಷ್ಟವಿರುವುದು ದೊಡ್ಡ ದೋಷಗಳಲ್ಲಿ. ಮುಖ್ಯ ರಕ್ತನಾಳಗಳು ಅದಲುಬದಲಾಗಿದ್ದರೆ, ಹೃದಯದ ಒಂದು ಭಾಗವೇ ಸರಿಯಾಗಿ ಬೆಳೆಯದಿದ್ದರೆ, ಗರ್ಭದಲ್ಲಿರುವಾಗಲೇ ಮಿದುಳಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ದಿನ ತುಂಬಿ ಹುಟ್ಟಿದರೂ ಇಂಥ ಮಕ್ಕಳ ಮಿದುಳು ಸುಮಾರು ಒಂದು ತಿಂಗಳಷ್ಟು ಎಳೆಯದಾಗಿರಬಹುದು ಎಂದು ಸ್ಕ್ಯಾನ್‌ಗಳ ಅಧ್ಯಯನಗಳು ತೋರಿಸಿವೆ. ಅದರ ಮೇಲೆ ಆಪರೇಷನ್ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರ, ಐಸಿಯುವಿನ ದಿನಗಳು, ಹಾಲು ಕುಡಿಯಲಾಗದ ವಾರಗಳು, ಅಪ್ಪಿಕೊಳ್ಳಲು ಬಿಡದ ಟ್ಯೂಬುಗಳು ಒಂದೊಂದಾಗಿ ಸೇರುತ್ತಾ ಹೋಗುತ್ತವೆ.

ಅಮೆರಿಕದ ಬಾಸ್ಟನ್‌ನಲ್ಲಿ 1988ರಿಂದ 1992ರ ನಡುವೆ, ರಕ್ತನಾಳ ಅದಲುಬದಲಾಗಿದ್ದ ಶಿಶುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಅವರನ್ನು ಹದಿನಾರು ವರ್ಷದವರೆಗೆ ಪರೀಕ್ಷಿಸುತ್ತಾ ಬಂದರು. ಆ ಮಕ್ಕಳ ಬುದ್ಧಿಮತ್ತೆ ಸರಾಸರಿಯಾಗಿ ಸಾಮಾನ್ಯ ಮಿತಿಯೊಳಗೇ ಇತ್ತು. ಆದರೆ ಗಮನ ನಿಲ್ಲಿಸುವುದು, ಕಣ್ಣಿಂದ ಕಂಡದ್ದನ್ನು ಜೋಡಿಸಿ ಅರ್ಥ ಮಾಡಿಕೊಳ್ಳುವುದು, ಎದುರಿನವರ ಮನಸ್ಸನ್ನು ಓದುವುದು ಇಂಥವುಗಳಲ್ಲಿ ತೊಡಕಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಓದಿನಲ್ಲೋ ನಡವಳಿಕೆಯಲ್ಲೋ ಯಾವುದಾದರೊಂದು ಹೆಚ್ಚುವರಿ ನೆರವು ಬೇಕಾಗಿತ್ತು. ಇದನ್ನು ಓದಿ ಹೆದರಬೇಡಿ. ತೊಡಕು ಎಲ್ಲಿ ಬರಬಹುದೆಂದು ಮೊದಲೇ ಗೊತ್ತಿದ್ದರೆ ನೆರವನ್ನೂ ಬೇಗ ಕೊಡಬಹುದು, ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲ ಮೂರು ವರ್ಷಗಳಲ್ಲೇ ಕೊಡಬಹುದು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಗ್ರಹಣದ ದಿನ ಹೊರಗೆ ಬಂದದ್ದರಿಂದ, ಪರಂಗಿಹಣ್ಣು ತಿಂದದ್ದರಿಂದ, ಬಸುರಿನಲ್ಲಿ ಅತ್ತದ್ದರಿಂದ ಮಗುವಿನ ಹೃದಯದಲ್ಲಿ ತೂತಾಗುವುದಿಲ್ಲ. ಹೃದಯ ರೂಪುಗೊಳ್ಳುವುದು ಗರ್ಭದ ಮೊದಲ ಎಂಟು ವಾರಗಳಲ್ಲಿ, ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಖಾತ್ರಿಯಾಗುವ ಹೊತ್ತಿಗೆ ಅದರ ಬಹುಪಾಲು ಮುಗಿದಿರುತ್ತದೆ. ಆ ತಪ್ಪಿತಸ್ಥ ಭಾವವನ್ನು ಹೊತ್ತುಕೊಂಡೇ ಮಗುವನ್ನು ಬೆಳೆಸಿದರೆ, ಅದು ಮಗುವನ್ನು ಕೆಳಗಿಳಿಸಲಾಗದ ತೋಳುಗಳಾಗಿ ಬದಲಾಗುತ್ತದೆ. ನನ್ನ ತೋಳುಗಳು ಹಾಗೆಯೇ ಆಗಿದ್ದವು.

ಹೆಜ್ಜೆ 1: ನಿಮ್ಮ ಮಗು ಯಾವ ಗುಂಪಿನಲ್ಲಿದೆ ಎಂದು ತಿಳಿಯಿರಿ

ಹೃದಯ ತಜ್ಞರನ್ನು ನೇರವಾಗಿ ಕೇಳಿ: "ನಮ್ಮ ಮಗುವಿನ ಬೆಳವಣಿಗೆಯ ಮೇಲೆ ವಿಶೇಷ ನಿಗಾ ಬೇಕೇ?" ಸಾಮಾನ್ಯವಾಗಿ ನಿಗಾ ಬೇಕಾಗುವುದು ಇವರಿಗೆ: ಮೊದಲ ವರ್ಷದಲ್ಲೇ ಓಪನ್ ಹಾರ್ಟ್ ಶಸ್ತ್ರಚಿಕಿತ್ಸೆ ಆದವರು, ಮೈ ನೀಲಿಗಟ್ಟುವ ತೊಂದರೆ ಇರುವವರು, ದಿನ ತುಂಬದೆ ಹುಟ್ಟಿದವರು, ಡೌನ್ ಸಿಂಡ್ರೋಮ್‌ನಂಥ ಜನ್ಮಜಾತ ಸ್ಥಿತಿ ಇರುವವರು, ಆಸ್ಪತ್ರೆಯಲ್ಲಿ ಎರಡು ವಾರಕ್ಕೂ ಹೆಚ್ಚು ಉಳಿಯಬೇಕಾಗಿ ಬಂದವರು, ಫಿಟ್ಸ್ ಬಂದವರು, ತಲೆಯ ಸುತ್ತಳತೆ ವಯಸ್ಸಿಗೆ ತಕ್ಕಂತೆ ಬೆಳೆಯದವರು.

ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಮೊದಲ ಪುಟದಲ್ಲಿ ದೋಷದ ಹೆಸರು, ಆಪರೇಷನ್ ದಿನಾಂಕ, ಮಗುವಿನ ಆಮ್ಲಜನಕದ ಮಾಮೂಲು ಮಟ್ಟ, ಔಷಧಗಳ ಹೆಸರು. ಆಮೇಲಿನ ಪುಟಗಳಲ್ಲಿ ಪ್ರತಿ ತಿಂಗಳು ತೂಕ, ಉದ್ದ, ತಲೆಯ ಸುತ್ತಳತೆ, ಆ ತಿಂಗಳು ಮಗು ಹೊಸದಾಗಿ ಕಲಿತದ್ದು. ತಾಯಿ ಕಾರ್ಡಿನಲ್ಲಿ ತೂಕದ ರೇಖಾಚಿತ್ರವೂ ಬೆಳವಣಿಗೆಯ ಮೈಲಿಗಲ್ಲುಗಳ ಚಿತ್ರಗಳೂ ಇವೆ. ಲಸಿಕೆಯ ದಿನ ಮಾತ್ರ ಅದನ್ನು ತೆರೆದು ಮತ್ತೆ ಬೀರುವಿನಲ್ಲಿಡಬೇಡಿ.

ಹೆಜ್ಜೆ 2: ಆಪರೇಷನ್‌ಗೆ ಕಾಯುತ್ತಿರುವಾಗ

ಈ ತಿಂಗಳುಗಳಲ್ಲಿ ಮಗುವಿಗೆ ಹಾಲು ಕುಡಿಯುವುದೇ ನಮಗೆ ಬೆಟ್ಟ ಹತ್ತಿದಷ್ಟು ಶ್ರಮ. ಹಣೆ ಬೆವರುತ್ತದೆ, ನಾಲ್ಕು ಗುಟುಕಿಗೆ ದಣಿದು ನಿದ್ದೆ ಹೋಗುತ್ತದೆ, ತೂಕ ಏರುವುದಿಲ್ಲ. ಒಂದು ಸಲಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷಕ್ಕಿಂತ ಹೆಚ್ಚು ಕುಡಿಸಬೇಡಿ. ಅದಕ್ಕಿಂತ ಹೆಚ್ಚಾದರೆ ಕುಡಿದದ್ದರ ಶಕ್ತಿ ಕುಡಿಯುವುದಕ್ಕೇ ಖರ್ಚಾಗುತ್ತದೆ. ಎರಡು ಎರಡೂವರೆ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ತಲೆ ಎತ್ತರದಲ್ಲಿರುವಂತೆ ಹಿಡಿಯಿರಿ. ಎಳೆದು ಕುಡಿಯಲಾಗದಿದ್ದರೆ ಎದೆಹಾಲನ್ನು ಹಿಂಡಿ ತೆಗೆದು ಒಳಲೆಯಲ್ಲಿ ಕುಡಿಸಬಹುದು. ಅಜ್ಜಿಯ ಕಾಲದ ಒಳಲೆ ಇಂದಿಗೂ ಒಳ್ಳೆಯ ಸಾಧನ, ಕುದಿಸಿ ತೊಳೆದಿರಬೇಕು ಅಷ್ಟೇ. ಹಾಲಿಗೆ ಶಕ್ತಿ ಹೆಚ್ಚಿಸುವ ಪುಡಿ ಬೆರೆಸುವುದನ್ನು ವೈದ್ಯರು ಹೇಳಿದ ಅಳತೆಯಲ್ಲಿ ಮಾತ್ರ ಮಾಡಿ.

ನೀಲಿಗಟ್ಟುವ ಮಕ್ಕಳಿಗೆ, ಅದರಲ್ಲೂ ಟೆಟ್ರಾಲಜಿ ಆಫ್ ಫ್ಯಾಲೋ ಎಂಬ, ನಾಲ್ಕು ತೊಡಕುಗಳು ಒಟ್ಟಿಗಿರುವ ಹೃದಯದೋಷ ಇರುವವರಿಗೆ, ಅತ್ತಾಗಲೋ ಬೆಳಿಗ್ಗೆ ಎದ್ದಾಗಲೋ ಇದ್ದಕ್ಕಿದ್ದಂತೆ ತುಟಿ, ಉಗುರು ಕಡುನೀಲಿಯಾಗಿ ಉಸಿರು ಜೋರಾಗಬಹುದು. ಆಗ ಮಗುವನ್ನು ಎದೆಗಪ್ಪಿಕೊಂಡು, ಮೊಣಕಾಲು ಮಡಿಸಿ ಅದರ ಎದೆಗೆ ಒತ್ತಿ ಹಿಡಿದು, ಸಮಾಧಾನ ಮಾಡುತ್ತಾ ತಕ್ಷಣ ಆಸ್ಪತ್ರೆಗೆ ಹೊರಡಿ. ಇವರಿಗೆ ವಾಂತಿಭೇದಿಯಾಗಿ ಮೈಯ ನೀರು ಆರುವುದೂ ಅಪಾಯ. ರಕ್ತ ಗಟ್ಟಿಯಾಗಿ ಮಿದುಳಿನ ನಾಳದಲ್ಲಿ ಹೆಪ್ಪುಗಟ್ಟಬಹುದು. ಕಬ್ಬಿಣಾಂಶದ ಕೊರತೆಯೂ ಇಂಥ ಮಕ್ಕಳಲ್ಲಿ ಕಣ್ಣಿಗೆ ಕಾಣದೆ ಅಡಗಿರುತ್ತದೆ. ಹಿಮೋಗ್ಲೋಬಿನ್ ಸಾಮಾನ್ಯ ಮಗುವಿನಷ್ಟೇ ಇದ್ದರೂ ಇವರಿಗೆ ಅದು ಸಾಲದು. ಆದ್ದರಿಂದ ಪರೀಕ್ಷೆ ಮಾಡಿಸಿ, ಹೇಳಿದರೆ ಕಬ್ಬಿಣದ ಸಿರಪ್ ತಪ್ಪದೆ ಕೊಡಿ.

ಕಾಯುವ ಸಮಯದಲ್ಲಿ ಕಲಿಕೆಯನ್ನು ಮುಂದಕ್ಕೆ ಹಾಕಬೇಡಿ. ದಣಿಯದ ಆಟಗಳು ಎಷ್ಟೋ ಇವೆ: ಮುಖಕ್ಕೆ ಮುಖ ಕೊಟ್ಟು ಮಾತನಾಡುವುದು, ಬಳೆಯ ಸದ್ದಿನತ್ತ ಕಣ್ಣು ಹೊರಳಿಸುವುದು, ಮಗ್ಗುಲಾಗಿ ಮಲಗಿಸಿ ಕೈಗೆ ಸಿಗುವಂತೆ ಬಣ್ಣದ ಬಟ್ಟೆಯ ಗಂಟೊಂದನ್ನು ಇಡುವುದು.

ಹೆಜ್ಜೆ 3: ಐಸಿಯುವಿನಲ್ಲಿ

ಬಿಟ್ಟಷ್ಟು ಹೊತ್ತು ಹೋಗಿ, ಕೈ ತೊಳೆದು, ಮಗುವಿನ ತಲೆಯ ಮೇಲೊಂದು ಕೈ, ಪಾದದ ಮೇಲೊಂದು ಕೈ ಇಟ್ಟು ಸುಮ್ಮನೆ ನಿಲ್ಲಿ. ಸವರಬೇಡಿ, ತಟ್ಟಬೇಡಿ, ಸ್ಥಿರವಾದ ಸ್ಪರ್ಶ ಅದಕ್ಕೆ ನೆಮ್ಮದಿ. ಕಿವಿಯ ಹತ್ತಿರ ಮನೆಯ ಮಾತನ್ನೇ ಆಡಿ. ಯಾವಾಗ ಎತ್ತಿಕೊಳ್ಳಬಹುದು ಎಂದು ದಿನಕ್ಕೊಮ್ಮೆ ನರ್ಸ್ ಅವರನ್ನು ಕೇಳಿ, ಕೇಳುವುದು ತಪ್ಪಲ್ಲ. ಡಿಸ್ಚಾರ್ಜ್‌ಗೆ ಮುಂಚೆ ಎರಡು ಪ್ರಶ್ನೆ ಮರೆಯಬೇಡಿ: ಕಿವಿ ಪರೀಕ್ಷೆ ಆಯಿತೇ? ಫಿಸಿಯೋಥೆರಪಿಸ್ಟ್ ನೋಡಿದರೇ?

ಹೆಜ್ಜೆ 4: ಮನೆಗೆ ಬಂದ ಮೊದಲ ಆರರಿಂದ ಎಂಟು ವಾರ

ಎದೆಯ ಮೂಳೆಯನ್ನು ಮಧ್ಯದಲ್ಲಿ ಬಿಡಿಸಿ ಶಸ್ತ್ರಚಿಕಿತ್ಸೆ ಮಾಡಿದ್ದರೆ ಅದು ಕೂಡಿಕೊಳ್ಳಲು ಸಾಮಾನ್ಯವಾಗಿ ಇಷ್ಟು ಸಮಯ ಬೇಕು. ಈ ಅವಧಿಯಲ್ಲಿ ಕಂಕುಳಿಗೆ ಕೈ ಹಾಕಿ ಎತ್ತಬಾರದು, ತೋಳು ಹಿಡಿದು ಎಳೆದು ಕೂರಿಸಬಾರದು. ಒಂದು ಅಂಗೈ ತಲೆ ಮತ್ತು ಕತ್ತಿನ ಕೆಳಗೆ, ಇನ್ನೊಂದು ಕುಂಡೆಯ ಕೆಳಗೆ ಇಟ್ಟು, ಮೊರದಲ್ಲಿ ಅಕ್ಕಿ ಎತ್ತುವಂತೆ ಇಡೀ ಮೈಯನ್ನು ಒಟ್ಟಿಗೆ ಎತ್ತಬೇಕು. ಮನೆಗೆ ಬಂದು ಹೋಗುವವರಿಗೆಲ್ಲ ಇದನ್ನು ತೋರಿಸಿಕೊಡಿ. ನೋಡಲು ಬಂದ ಸೋದರಮಾವ ಪ್ರೀತಿಯಿಂದ ಗಾಳಿಗೆ ತೂರಿ ಹಿಡಿಯುವುದಕ್ಕೆ ಇದು ಕಾಲವಲ್ಲ.

ಬೋರಲು ಮಲಗಿಸುವುದನ್ನು ಯಾವಾಗ ಶುರು ಮಾಡಬಹುದು ಎಂದು ಶಸ್ತ್ರಚಿಕಿತ್ಸಕರನ್ನೇ ಕೇಳಿ, ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ನಿಯಮವಿದೆ. ಅವರು ಕೊಟ್ಟ ದಿನಾಂಕವನ್ನು ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಎತ್ತುವ ನಿಯಮ ಎಲ್ಲರಿಗೂ ನೆನಪಿತ್ತು, ಅದು ಯಾವ ದಿನ ಮುಗಿಯಿತು ಎಂಬುದು ಯಾರಿಗೂ ನೆನಪಿರಲಿಲ್ಲ.

ಹೆಜ್ಜೆ 5: ಚಾಪೆ ಹಾಸಿ

ವೈದ್ಯರ ಒಪ್ಪಿಗೆ ಸಿಕ್ಕ ದಿನದಿಂದ ಮಗುವಿನ ಎಚ್ಚರದ ಹೊತ್ತಿನ ದೊಡ್ಡ ಪಾಲು ನೆಲದ ಮೇಲೆ ಕಳೆಯಬೇಕು. ಹಾಸಿಗೆಯ ಮೇಲಲ್ಲ. ಹಾಸಿಗೆ ಕುಸಿಯುತ್ತದೆ, ಕೈಯೂರಿದರೆ ಆಸರೆ ಸಿಗುವುದಿಲ್ಲ. ಚಾಪೆಯ ಮೇಲೊಂದು ಕಂಬಳಿ ಅಥವಾ ಕೌದಿ ಹಾಸಿದರೆ ಸಾಕು.

ಬೋರಲು ಮಲಗಿಸಿದ ಕೂಡಲೇ ಆಪರೇಷನ್ ಆದ ಮಗು ಕಿರುಚುತ್ತದೆ. ವಾರಗಟ್ಟಲೆ ಬೆನ್ನ ಮೇಲೆ ಮಲಗಿದ ಮಗುವಿಗೆ ಅದು ಹೊಸದು, ಎದೆಯ ಗಾಯದ ನೆನಪೂ ಇರಬಹುದು. ನೇರವಾಗಿ ನೆಲಕ್ಕೆ ಹೋಗಬೇಡಿ. ಮೊದಲು ನೀವೇ ಅರ್ಧ ಒರಗಿ ಕುಳಿತು ನಿಮ್ಮ ಎದೆಯ ಮೇಲೆ ಬೋರಲು ಹಾಕಿಕೊಳ್ಳಿ. ನಿಮ್ಮ ಮುಖ ನೋಡಲು ಅದು ತಲೆ ಎತ್ತುತ್ತದೆ. ಒಂದು ನಿಮಿಷ, ಎರಡು ನಿಮಿಷ, ದಿನಕ್ಕೆ ಐದಾರು ಸಲ. ಆಮೇಲಿನ ಹಂತ ನಿಮ್ಮ ಕಾಲುಗಳ ಮೇಲೆ. ನಮ್ಮ ಅಜ್ಜಿಯಂದಿರು ಬಚ್ಚಲಲ್ಲಿ ಕಾಲು ನೀಡಿ ಕುಳಿತು ಮೊಣಗಂಟಿನ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರಲ್ಲ, ಅದೇ ಭಂಗಿ. ಫಿಸಿಯೋಥೆರಪಿಸ್ಟ್ ಅದನ್ನು ಮಾಡಿ ತೋರಿಸಿದಾಗ ನಮ್ಮ ಅತ್ತೆಗೆ ಎಲ್ಲಿಲ್ಲದ ಹುರುಪು ಬಂತು. "ಇದು ನನಗೆ ಬರುತ್ತದೆ, ನಾಳೆಯಿಂದ ನಾನೇ ಮಾಡಿಸುತ್ತೇನೆ" ಎಂದರು, ಮಾಡಿಸಿದರು. ಗಾಯ ಪೂರ್ತಿ ಮಾಗುವವರೆಗೆ ಗಾಯದ ಮೇಲೆ ಎಣ್ಣೆ ಬೇಡ, ಎದೆ ಒತ್ತುವುದು, ಕೈಕಾಲು ಹಿಡಿದು ಜೋತಾಡಿಸುವುದು ಎಂದಿಗೂ ಬೇಡ.

ಕೂರುವುದನ್ನು ಕಲಿಸುವುದಕ್ಕೆ ನಮಗೆ ನೆರವಾದದ್ದು ಒಂದು ಸ್ಟೀಲ್ ಲೋಟ. ನನ್ನ ಚಾಚಿದ ಕಾಲುಗಳ ನಡುವೆ ಮಗಳನ್ನು ಕೂರಿಸಿಕೊಂಡು, ಸೊಂಟಕ್ಕೆ ಮಾತ್ರ ಕೈಯಾಸರೆ ಕೊಟ್ಟು, ಲೋಟವನ್ನು ಅವಳ ಕೈಗೆ ಎಟುಕುವುದಕ್ಕಿಂತ ಎರಡು ಬೆರಳು ಆಚೆಗೆ ಇಡುತ್ತಿದ್ದೆ. ಒಳಗೆ ನಾಲ್ಕು ಹುಣಸೆಬೀಜ, ಬಾಯಿಗೆ ಗಟ್ಟಿಯಾಗಿ ಬಟ್ಟೆ ಕಟ್ಟಿ. ಮೊದಲ ದಿನ ಅವಳು ಲೋಟವನ್ನು ನೋಡಿ, ನನ್ನ ಮುಖ ನೋಡಿ, ಕೈ ನೀಡದೆ ಅತ್ತಳು. ಬೇಕಾದದ್ದನ್ನೆಲ್ಲ ನಾವೇ ತಂದು ಕೈಗಿಡುತ್ತಿದ್ದೆವು, ಬಾಗಿ ಎಟುಕಿಸಿಕೊಳ್ಳಬೇಕು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಐದನೆಯ ದಿನ ಬಾಗಿದಳು, ಮುಗ್ಗರಿಸಿದಳು, ಮುಂಗೈ ಊರಿ ತನ್ನನ್ನು ತಾನೇ ತಡೆದುಕೊಂಡಳು. ಆಮೇಲೆ ಲೋಟ ಬಲಕ್ಕೆ, ಎಡಕ್ಕೆ, ಸ್ವಲ್ಪ ಹಿಂದಕ್ಕೆ. ಎಡಕ್ಕಿಟ್ಟದ್ದನ್ನು ಬಲಗೈಯಲ್ಲಿ ಹಿಡಿಯಲು ಮೈ ತಿರುಗಿಸಬೇಕು, ಅಂಬೆಗಾಲಿಗೆ ಬೇಕಾದ ತಿರುವೂ ಅದೇ. ಹದಿನಾರನೆಯ ತಿಂಗಳಲ್ಲಿ ಅವಳು ಹೊಸ್ತಿಲು ದಾಟಿದಳು, ಅತ್ತೆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಶಾಸ್ತ್ರ ಮಾಡಿದರು.

"ಅತ್ತರೆ ಹೃದಯಕ್ಕೆ ಆಯಾಸ" ಎಂಬ ಭಯ ಎಲ್ಲರಿಗೂ ಇರುತ್ತದೆ. ಚೆನ್ನಾಗಿ ಸರಿಪಡಿಸಿದ ಹೃದಯಕ್ಕೆ ಆಟದ ನಡುವಿನ ಅಳು ಕೆಡುಕು ಮಾಡುವುದಿಲ್ಲ. ಇನ್ನೂ ಆಪರೇಷನ್ ಆಗದ ಅಥವಾ ಒಂದು ಹಂತ ಮಾತ್ರ ಮುಗಿದ ಮಗುವಾದರೆ ಎಷ್ಟು ಬಿಡಬಹುದು ಎಂದು ಕೇಳಿ ತಿಳಿಯಿರಿ. ಬಹುಪಾಲು ಮಕ್ಕಳು ದಣಿದಾಗ ತಾವೇ ನಿಲ್ಲಿಸುತ್ತಾರೆ, ಅದನ್ನು ಗೌರವಿಸಿದರೆ ಸಾಕು. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ ಸಣ್ಣದೆಂದು ಬಿಡದೆ ವೈದ್ಯರಿಗೆ ತೋರಿಸಬೇಕು.

ಗಾಲಿಯ ವಾಕರ್ ಬೇಡ. ಅದು ನಡೆಯುವುದನ್ನು ಕಲಿಸುವುದಿಲ್ಲ, ಉರುಳಿಬೀಳುವ ಅಪಾಯ ಬೇರೆ. ಗೋಡೆ ಹಿಡಿದು, ಮರದ ಸ್ಟೂಲ್ ತಳ್ಳಿಕೊಂಡು ನಡೆಯಲಿ.

ಹೆಜ್ಜೆ 6: ಬಾಯಿ ಮತ್ತು ಊಟ

ಮೂಗಿನ ನಳಿಕೆಯಲ್ಲಿ ವಾರಗಟ್ಟಲೆ ಹಾಲು ಹೋದ ಮಗುವಿಗೆ ಬಾಯಿ ಎಂದರೆ ನೋವಿನ ಜಾಗ. ಚಮಚ ಕಂಡರೆ ಮುಖ ತಿರುಗಿಸುವುದು, ಗಟ್ಟಿ ಪದಾರ್ಥ ನಾಲಿಗೆಗೆ ತಾಗಿದರೆ ಓಕರಿಸುವುದು ಹಟವಲ್ಲ. ಮೂಗು ಹಿಡಿದು ತುರುಕಿದರೆ ತಿಂಗಳುಗಳ ಕೆಲಸ ಹಾಳಾಗುತ್ತದೆ. ಖಾಲಿ ಚಮಚವನ್ನು ಮಗುವಿನ ಕೈಗೆ ಕೊಡಿ. ನಿಮ್ಮ ಊಟದ ಹೊತ್ತಿಗೆ ಅದನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ತಟ್ಟೆಯಲ್ಲಿ ಮೆತ್ತಗಿನ ಅನ್ನ ಕಲಸಿ ಬೆರಳಾಡಿಸಲು ಬಿಡಿ. ನೆಲ ಒರೆಸಿಕೊಂಡರಾಯಿತು. ಅಳು ಗೊಗ್ಗರಾಗಿ, ತೀರಾ ಸಣ್ಣಗೆ ಕೇಳುತ್ತಿದ್ದರೆ, ನೀರು ಕುಡಿಯುವಾಗ ಪದೇ ಪದೇ ಕೆಮ್ಮಿದರೆ ಹೇಳಲೇಬೇಕು. ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಧ್ವನಿತಂತುವಿನ ನರಕ್ಕೆ ಪೆಟ್ಟಾಗಿರುವುದುಂಟು.

ಆರು ತಿಂಗಳ ಮೇಲೆ ರಾಗಿ ಸರಿ ನಮ್ಮ ಕೈಯಲ್ಲಿರುವ ಒಳ್ಳೆಯ ಆಹಾರ, ಆದರೆ ನೀರಾಗಿ ಕುದಿಸಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಶಕ್ತಿ ಸಿಗುವುದಿಲ್ಲ. ಚಮಚ ವಾಲಿಸಿದರೂ ಜಾರದಷ್ಟು ಗಟ್ಟಿಯಾಗಿರಲಿ, ಮೇಲೊಂದು ಚಮಚ ತುಪ್ಪ. ಬೇಳೆ ಕಟ್ಟಿನ ಬದಲು ಬೇಳೆಯನ್ನೇ ಮಸೆದು ಕೊಡಿ. ಮೊಟ್ಟೆ, ಬಾಳೆಹಣ್ಣು, ಹುರಿಗಡಲೆ ಪುಡಿ. ಆಪರೇಷನ್ ನಂತರ ಎದೆಯಲ್ಲಿ ಹಾಲಿನಂಥ ದ್ರವ ಸೋರಿದ್ದರೆ ಕೆಲವು ವಾರ ಕೊಬ್ಬು ಕೊಡಬಾರದೆಂದು ಹೇಳಿರುತ್ತಾರೆ, ಅಂಥವರು ತುಪ್ಪ ಹಾಕುವ ಮುಂಚೆ ಕೇಳಿ. ಮೊಬೈಲ್ ತೋರಿಸಿ ಉಣಿಸಬೇಡಿ. ಪರದೆ ನೋಡುತ್ತಾ ನುಂಗುವ ಮಗು ರುಚಿಯನ್ನೂ ಕಲಿಯುವುದಿಲ್ಲ, ನಿಮ್ಮ ಮುಖವನ್ನೂ ನೋಡುವುದಿಲ್ಲ. ಎರಡು ವರ್ಷದವರೆಗೆ ಪರದೆಯೇ ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆಯೂ ಇದೆ.

ಮೊದಲ ಹಲ್ಲು ಮೂಡಿದ ದಿನದಿಂದ ಹಲ್ಲುಜ್ಜಿಸಿ. ಹುಳುಕು ಹಲ್ಲಿನ ಸೋಂಕು ರಕ್ತದ ಮೂಲಕ ಹೃದಯಕ್ಕೆ ಹೋಗಬಹುದು. ಸಿಹಿ ಸಿರಪ್ ಕುಡಿಸಿದ ಮೇಲೆ ಎರಡು ಗುಟುಕು ನೀರು ಕೊಡಿ.

ಹೆಜ್ಜೆ 7: ಮಾತು

ಅಡುಗೆ ಮಾಡುವಾಗ ಮಗುವನ್ನು ಕಣ್ಣಳತೆಯಲ್ಲಿ ಕೂರಿಸಿ, ಮಾಡುವುದನ್ನೆಲ್ಲ ಹೇಳುತ್ತಾ ಹೋಗಿ: "ಈರುಳ್ಳಿ ಹೆಚ್ಚುತ್ತಿದ್ದೇನೆ. ಒಗ್ಗರಣೆ ಚಟಪಟ ಅಂತು." ಹೇಳಿದ ಮೇಲೆ ನಿಲ್ಲಿಸಿ, ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಮಗು "ಆ" ಎಂದರೂ ಅದು ಉತ್ತರವೇ. ನಾವು ಸಾಮಾನ್ಯವಾಗಿ ಕಾಯುವುದಿಲ್ಲ, ನಾವೇ ಮಾತನಾಡಿ ಮುಗಿಸುತ್ತೇವೆ.

ಐಸಿಯುವಿನಲ್ಲಿ ಕೊಡುವ ಕೆಲವು ಆಂಟಿಬಯೋಟಿಕ್‌ಗಳಿಂದ, ಮೂತ್ರ ಹೆಚ್ಚಿಸುವ ಔಷಧಗಳಿಂದ ಕಿವಿಗೆ ತೊಂದರೆಯಾಗಬಹುದು. ಹುಟ್ಟಿದಾಗ ಕಿವಿ ಪರೀಕ್ಷೆ ಸರಿಯಾಗಿತ್ತು ಎಂದು ಬಿಡಬೇಡಿ, ಆಪರೇಷನ್ ನಂತರ ಮತ್ತೊಮ್ಮೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಿವಿ ಮತ್ತು ಮಾತಿನ ತಪಾಸಣೆಗೆ, ಚಿಕಿತ್ಸೆಗೆ ದೇಶದಲ್ಲೇ ಹೆಸರಾದ ಸಂಸ್ಥೆ.

ಹೆಜ್ಜೆ 8: ಯಾವಾಗ, ಎಲ್ಲಿ ತೋರಿಸಬೇಕು

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಕೊಟ್ಟ ಸಲಹೆಯಂತೆ, ನಿಗಾ ಬೇಕಾದ ಗುಂಪಿನ ಮಕ್ಕಳಿಗೆ ಏನೂ ತೊಂದರೆ ಕಾಣದಿದ್ದರೂ 12ರಿಂದ 24 ತಿಂಗಳ ನಡುವೆ ಒಮ್ಮೆ, 3ರಿಂದ 5 ವರ್ಷದ ನಡುವೆ ಒಮ್ಮೆ, 11-12ನೆಯ ವಯಸ್ಸಿನಲ್ಲಿ ಒಮ್ಮೆ ಬೆಳವಣಿಗೆಯ ಪೂರ್ಣ ಪರೀಕ್ಷೆ ಆಗಬೇಕು. ಈ ಮೂರನ್ನೂ ನೋಟ್‌ಬುಕ್‌ನಲ್ಲಿ ಈಗಲೇ ಬರೆದಿಡಿ.

ಇವು ಕಂಡರೆ ಮಾತ್ರ ಆ ದಿನಾಂಕಕ್ಕೂ ಕಾಯಬಾರದು:

- 3 ತಿಂಗಳಾದರೂ ಮುಖ ನೋಡಿ ನಗದಿರುವುದು
- 5 ತಿಂಗಳಾದರೂ ಕತ್ತು ನಿಲ್ಲದಿರುವುದು
- 9 ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು
- ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿರುವುದು
- 18 ತಿಂಗಳಿಗೆ ನಡೆಯದಿರುವುದು, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿರುವುದು, ಅರ್ಥವುಳ್ಳ ಒಂದು ಪದವೂ ಬಾರದಿರುವುದು
- 2 ವರ್ಷಕ್ಕೆ "ಅಮ್ಮ ಬಾ" ಎಂಬಂತೆ ಎರಡು ಪದ ಕೂಡಿಸದಿರುವುದು
- ವರ್ಷ ತುಂಬುವ ಮೊದಲೇ ಯಾವಾಗಲೂ ಒಂದೇ ಕೈ ಬಳಸುವುದು
- ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದುದು ಬಾರದಂತಾಗುವುದು

ದಿನ ತುಂಬದೆ ಹುಟ್ಟಿದ ಮಗುವಾದರೆ, ಎರಡು ವರ್ಷದವರೆಗೆ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ. ಆಸ್ಪತ್ರೆಯಲ್ಲಿ ಕಳೆದ ವಾರಗಳಿಂದಲೂ ಸ್ವಲ್ಪ ಹಿಂದಾಗುವುದು ಸಹಜ. ಆದರೆ "ಆಪರೇಷನ್ ಆದ ಮಗುವಲ್ಲವೇ" ಎಂಬ ಮಾತು ತಿಂಗಳುಗಳನ್ನು ನುಂಗದಂತೆ ನೋಡಿಕೊಳ್ಳಿ.

ನಮ್ಮ ಹತ್ತಿರದಲ್ಲೇ ಇರುವ, ಬಹಳ ಜನ ಬಳಸದೆ ಬಿಡುವ ದಾರಿಯೊಂದಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಜನ್ಮಜಾತ ಹೃದಯದೋಷವೂ ಬೆಳವಣಿಗೆಯ ವಿಳಂಬವೂ ಅದರ ಪಟ್ಟಿಯಲ್ಲಿವೆ. ಜನರ ಬಾಯಲ್ಲಿ ಅದು ಆರ್‌ಬಿಎಸ್‌ಕೆ. ಅವರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ಬರುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡು ನೋಟ್‌ಬುಕ್ ಸಮೇತ ಹೋಗಿ. ಅವರು ಜಿಲ್ಲಾ ಆಸ್ಪತ್ರೆಯ ಡಿಇಐಸಿ (ಮಕ್ಕಳ ತೊಂದರೆಗೆ ಬೇಗ ನೆರವು ಕೊಡುವ ಜಿಲ್ಲಾ ಕೇಂದ್ರ) ಕೇಂದ್ರಕ್ಕೆ ಕಳುಹಿಸುತ್ತಾರೆ. ಮಕ್ಕಳ ವೈದ್ಯರು, ಫಿಸಿಯೋಥೆರಪಿ, ಮಾತು, ಶ್ರವಣ, ಮನಶ್ಶಾಸ್ತ್ರ ಎಲ್ಲವೂ ಒಂದೇ ಕಡೆ ಸಿಗಲಿ ಎಂದೇ ಆ ಕೇಂದ್ರಗಳನ್ನು ರೂಪಿಸಿದ್ದು. ಆಪರೇಷನ್ ಖರ್ಚಿಗೆ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳಿವೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಣ ತೆಗೆದುಕೊಳ್ಳುವುದಿಲ್ಲ.

ಲಸಿಕೆ ಯಾವುದನ್ನೂ ಬಿಡಬೇಡಿ, ಫ್ಲೂ ಲಸಿಕೆಯನ್ನೂ ಕೇಳಿ ಹಾಕಿಸಿ. ಆಪರೇಷನ್ ವೇಳೆ ರಕ್ತ ಕೊಟ್ಟಿದ್ದರೆ ದಡಾರದ ಲಸಿಕೆಯನ್ನು ಕೆಲವು ತಿಂಗಳು ಮುಂದೂಡಬೇಕಾಗಬಹುದು.

ಹೆಜ್ಜೆ 9: ಮನೆಯವರ ಮನಸ್ಸು

ಎರಡು ವರ್ಷದ ಹೊತ್ತಿಗೆ ನಮ್ಮ ಮಗಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಗಿತ್ತು: ಉಸಿರು ಹಿಡಿದು ಅತ್ತರೆ ಮನೆಯಲ್ಲಿ ಎಲ್ಲರೂ ಓಡಿ ಬರುತ್ತಾರೆ, ಕೇಳಿದ್ದು ಸಿಗುತ್ತದೆ. "ಇಲ್ಲ" ಎನ್ನಲು ಯಾರಿಗೂ ಧೈರ್ಯವಿರಲಿಲ್ಲ. ಹೃದಯ ತಜ್ಞರು ಅವಳ ಎಕೋ ನೋಡಿ "ಇವಳಿಗೆ ಇಲ್ಲ ಎನ್ನಬಹುದು" ಎಂದು ನಗುತ್ತಾ ಹೇಳಿದ ಮೇಲೆಯೇ ನಾವು ಶುರು ಮಾಡಿದ್ದು. ನೀವೂ ಅದನ್ನು ಬಾಯಿಬಿಟ್ಟು ಕೇಳಿ. ಅಪ್ಪ, ಅಮ್ಮ, ಅಜ್ಜಿ ಮೂವರೂ ಒಂದೇ ನಿಯಮಕ್ಕೆ ಬದ್ಧರಾಗಿರಿ. ದೊಡ್ಡ ಮಗುವಿದ್ದರೆ ದಿನಕ್ಕೆ ಅರ್ಧ ಗಂಟೆ ಅವನಿಗೇ ಮೀಸಲಿಡಿ. ಆಸ್ಪತ್ರೆಯ ತಿಂಗಳುಗಳಲ್ಲಿ ಅವನು ಯಾರ ಮನೆಯಲ್ಲಿ ಉಂಡ, ಯಾರ ಮನೆಯಲ್ಲಿ ಮಲಗಿದ ಎಂಬುದು ನಮಗೆ ಮರೆತರೂ ಅವನಿಗೆ ಮರೆಯುವುದಿಲ್ಲ.

ತಾಯಂದಿರಿಗೆ ಒಂದು ಮಾತು. ಮಾನಿಟರಿನ ಬೀಪ್ ಸದ್ದು ಕನಸಿನಲ್ಲಿ ಕೇಳಿ ಎಚ್ಚರವಾಗುವುದು, ಮಗು ಉಸಿರಾಡುತ್ತಿದೆಯೇ ಎಂದು ರಾತ್ರಿ ಹತ್ತು ಸಲ ಮೂಗಿಗೆ ಬೆರಳಿಡುವುದು, ಕಾರಣವಿಲ್ಲದೆ ಅಳು ಬರುವುದು ಎರಡು ವಾರಕ್ಕೂ ಮೀರಿ ನಡೆದರೆ ವೈದ್ಯರಿಗೆ ಹೇಳಿಕೊಳ್ಳಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ನಾನು ಇದನ್ನು ತಡವಾಗಿ ಮಾಡಿದೆ.

ಹೆಜ್ಜೆ 10: ಅಂಗನವಾಡಿ, ಶಾಲೆ

ಮೂರು ವರ್ಷಕ್ಕೆ ಅಂಗನವಾಡಿಗೆ ಕಳುಹಿಸಿ. ಜೊತೆಯ ಮಕ್ಕಳನ್ನು ನೋಡಿ ಕಲಿಯುವುದನ್ನು ಮನೆಯಲ್ಲಿ ಎಷ್ಟೇ ಆಡಿಸಿದರೂ ಕಲಿಸಲಾಗದು. ಹೋಗುವ ಮುನ್ನ ಒಂದು ಕಾಗದದಲ್ಲಿ ನಾಲ್ಕೇ ವಿಷಯ ಬರೆದು ಟೀಚರ್ ಕೈಗೆ ಕೊಡಿ: ಮಗುವಿಗೆ ಏನಾಗಿತ್ತು, ಏನೆಲ್ಲ ಆಡಬಹುದು, ಯಾವ ಲಕ್ಷಣ ಕಂಡರೆ ಫೋನ್ ಮಾಡಬೇಕು, ಯಾವ ನಂಬರಿಗೆ. "ಏನು ಆಡಬಾರದು" ಎಂಬುದಕ್ಕಿಂತ "ಏನು ಆಡಬಹುದು" ಎಂಬುದನ್ನು ಮೇಲೆ ಬರೆಯಿರಿ. ಇಲ್ಲದಿದ್ದರೆ ಹೆದರಿಕೆಗೆ ಮಗುವನ್ನು ಮೂಲೆಯಲ್ಲಿ ಕೂರಿಸಿಬಿಡುತ್ತಾರೆ.

ಐದಾರನೆಯ ವಯಸ್ಸಿನಲ್ಲಿ ಹೊಸ ತೊಡಕುಗಳು ಕಾಣಿಸಬಹುದು. ಪೆನ್ಸಿಲ್ ಹಿಡಿತ ಸಡಿಲ, ಕತ್ತರಿ ಓಡುವುದಿಲ್ಲ, ಬೋರ್ಡಿನಿಂದ ನೋಡಿ ಬರೆಯುವಷ್ಟರಲ್ಲಿ ಸಾಲು ತಪ್ಪುತ್ತದೆ, ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದು ಮಾತ್ರ ಆಗುತ್ತದೆ. ಇದನ್ನು ಸೋಮಾರಿತನ ಎನ್ನುವ ಮೊದಲು ಮನಶ್ಶಾಸ್ತ್ರಜ್ಞರಿಂದ ಪರೀಕ್ಷೆ ಮಾಡಿಸಿ. ಒಮ್ಮೆಗೆ ಒಂದೇ ಕೆಲಸ ಹೇಳಿ, ಮುಂದಿನ ಬೆಂಚಿನಲ್ಲಿ ಕೂರಿಸಲು ಕೇಳಿಕೊಳ್ಳಿ. ಕೈಗೆ ಅಭ್ಯಾಸ ಮನೆಯಲ್ಲೇ ಸಿಗುತ್ತದೆ: ಅವರೆಕಾಯಿ ಸುಲಿಯುವುದು, ಚಪಾತಿ ಹಿಟ್ಟು ನಾದುವುದು, ಹೂವಿಗೆ ದಾರ ಸುತ್ತುವುದು, ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆಯುವುದು. ಕಣ್ಣೂ ಕೈಯೂ ಜೊತೆಯಾಗಿ ಕೆಲಸ ಮಾಡುವುದಕ್ಕೆ ರಂಗೋಲಿಯಂಥ ಆಟವನ್ನು ನಾನು ಬೇರೆ ಕಾಣೆ.

ಮಗಳು ಈಗ ಎರಡನೆಯ ತರಗತಿ. ಏಳು ಚುಕ್ಕಿಯ ರಂಗೋಲಿ ಇಡುತ್ತಾಳೆ, ಐದನೆಯ ಸಾಲಿಗೆ ಬಂದಾಗ ಗೆರೆ ಇನ್ನೂ ಹಾದಿ ತಪ್ಪುತ್ತದೆ, ಅಳಿಸಿ ಮತ್ತೆ ಇಡುತ್ತಾಳೆ. ಮುಂದಿನ ತಿಂಗಳು ಎಕೋ ಇದೆ. ನೋಟ್‌ಬುಕ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು ಆಗಲೇ ಅರ್ಧ ಪುಟವಾಗಿವೆ, ಮೊದಲನೆಯದನ್ನು ಅವಳೇ ಬರೆದಿದ್ದಾಳೆ: ನಾನು ಖೋಖೋ ಆಡಬಹುದಾ?